ನಾನು ಕೇಳದ್ದು ಓಡಬಾರದು

ನಮಸ್ಕಾರ, ಉಡುಪಿಯಿಂದ ಮಾತಾಡುತ್ತಿದ್ದೇನೆ. ಹಿಂದೆ ಸದ್ದು ಕೇಳಿದರೆ ಅದು ಮೈಕಿನ ತೊಂದರೆ ಅಲ್ಲ, ಹಂಚಿನ ಮೇಲೆ ಮಳೆ. ಇವತ್ತು ಲಿನಕ್ಸ್‌ನಲ್ಲಿ, ಅಂದರೆ ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್‌ನಲ್ಲಿ, ಕನ್ನಡ ಟೈಪ್ ಮಾಡುವುದರ ಬಗ್ಗೆ ವಿಡಿಯೋ ಮಾಡುವುದಿತ್ತು. ಅದು ಮುಂದಿನ ವಾರ. ಯಾಕಂದ್ರೆ ಹೋದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ, "ಇನ್ನೂ ಎಕ್ಸ್‌ಎಫ್‌ಸಿಇಯಾ? 16 ಜಿಬಿ ರ‍್ಯಾಮ್ ಹಾಕಿಸಿ ಸಾರ್, ಬಡತನ ಸಾಕು" ಅಂತ. ಎಕ್ಸ್‌ಎಫ್‌ಸಿಇ ಅಂದರೆ ನಾನು ಬಳಸುವ ಹಗುರ ಡೆಸ್ಕ್‌ಟಾಪ್, ಲಿನಕ್ಸ್‌ನಲ್ಲಿ ಪರದೆಯ ಮೇಲೆ ಮೆನು, ಪಟ್ಟಿ, ಕಿಟಕಿ ತೋರಿಸುವುದು ಅದೇ.

ಬಡತನ ಅಂತೆ. ಎರಡು ದಿನ ಆಯ್ತು, ಆ ಮಾತು ತಲೆಯಿಂದ ಹೋಗುತ್ತಿಲ್ಲ.

ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು, ಹಾಗಾಗಿ ಹೆಚ್ಚಿಸುವ ಪ್ರಶ್ನೆಯೇ ಇಲ್ಲ. ಯಾರೋ ಅದಕ್ಕೆ ಚಂದ ಕಾಣುವ ಡೆಸ್ಕ್‌ಟಾಪ್ ಹಾಕಿಕೊಟ್ಟಿದ್ದರು. ಕಿಟಕಿ ಸರಿಸಿದರೆ ಜೆಲ್ಲಿ ಹಾಗೆ ಅಲ್ಲಾಡುತ್ತದೆ, ಹಿಂದಿನದು ಮಸುಕು ಮಸುಕು ಕಾಣುತ್ತದೆ. ಹುಡುಗ ಬಂದು ಹೇಳಿದ, "ಮಾಮ, ಇದು ಹಾಳಾಗಿದೆ, ಬೇರೆ ತೆಗೆದುಕೊಳ್ಳಬೇಕು."

ಹಾಳಾಗಿರಲಿಲ್ಲ ಮಾರಾಯ್ರೆ. ಯಾವ ಪ್ರೋಗ್ರಾಂ ಎಷ್ಟು ರ‍್ಯಾಮ್ ತಿನ್ನುತ್ತದೆ ಅಂತ ತೋರಿಸುವ ಎಚ್‌ಟಾಪ್ ತೆರೆದು ನೋಡಿದೆ. ಏನೂ ತೆರೆಯದೆ ಸುಮಾರು ಒಂದೂವರೆ ಜಿಬಿ ಹೋಗಿತ್ತು. ಅವನ ಎಲ್ಲ ಫೈಲ್‌ಗಳನ್ನೂ ಓದಿ ಪಟ್ಟಿ ಮಾಡುವ ಪ್ರೋಗ್ರಾಂ ಹಿಂದೆ ಓಡುತ್ತಿತ್ತು, ಅದಕ್ಕೇ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿತ್ತು. ಅದರ ಮೇಲೆ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್. ರ‍್ಯಾಮ್ ತುಂಬಿದ ಮೇಲೆ ಉಳಿದದ್ದೆಲ್ಲ ಸ್ವಾಪ್‌ಗೆ, ಅಂದರೆ ಅದೇ ಡಿಸ್ಕಿಗೆ ಹೋಗುತ್ತದೆ, ಆ ಡಿಸ್ಕ್ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ, ಮೊದಲೇ ಬೇರೆ ಕೆಲಸದಲ್ಲಿ ಏದುಸಿರು ಬಿಡುತ್ತಾ ಉಂಟು. ಮೌಸ್ ನಿಂತುಬಿಡುತ್ತದೆ. ಹುಡುಗನಿಗೆ ಅನಿಸುತ್ತದೆ, ಲ್ಯಾಪ್‌ಟಾಪ್ ಸತ್ತಿತು ಅಂತ.

"ಇದನ್ನು ಓಡಿಸು ಅಂತ ನೀನು ಹೇಳಿದ್ದಾ?" ಅಂತ ಕೇಳಿದೆ. "ಅದು ಎಂತದು ಅಂತಲೇ ಗೊತ್ತಿಲ್ಲ ಮಾಮ" ಅಂದ.

ನನ್ನ ಮಾತು ಇಷ್ಟೇ. ನಾನು ಕೇಳದ್ದು ನನ್ನ ಕಂಪ್ಯೂಟರ್‌ನಲ್ಲಿ ಓಡಬಾರದು.

ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ ಮೇಲೆ ಎಕ್ಸ್‌ಎಫ್‌ಸಿಇ ಹಾಕಿದೆ. ಇದೇನು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಒಲಿವಿಯೆ ಫೂರ್ದಾಂ ಅನ್ನುವವರು 1996ರಲ್ಲಿ ಶುರು ಮಾಡಿದ್ದು, ಕೆಡಿಇ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ಶುರುವಾದದ್ದೂ ಅದೇ ವರ್ಷ. 2011ರಲ್ಲಿ ಗ್ನೋಮ್ ಅನ್ನುವ ಡೆಸ್ಕ್‌ಟಾಪ್‌ನ 3ನೇ ಆವೃತ್ತಿ ಬಂದು ಎಲ್ಲ ತಲೆಕೆಳಗಾದಾಗ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಸಿಟ್ಟಾಗಿ ಎಕ್ಸ್‌ಎಫ್‌ಸಿಇಗೆ ಬಂದಿದ್ದರು. ಆಮೇಲೆ ವಾಪಸ್ ಹೋದರು, ಗೊತ್ತು, ಅದನ್ನು ಬರೆಯಬೇಡಿ. ಕೆಳಗೆ ಒಂದು ಪಟ್ಟಿ, ಒಂದು ಮೆನು, ಫೈಲ್ ನೋಡಲು ಥೂನಾರ್. ಕಿಟಕಿಗೆ ನೆರಳು, ಪಾರದರ್ಶಕತೆ ಕೊಡುವ ಕಂಪೋಸಿಟರ್ ಬೇಡ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ತೆಗೆದರೆ ಆಯ್ತು, ಅದೆಲ್ಲ ಹೋಯ್ತು. ಏನೂ ತೆರೆಯದಾಗ 600 ಎಂಬಿ ಆಸುಪಾಸು. ಅದೇ ಲ್ಯಾಪ್‌ಟಾಪ್, ಅದೇ ಹುಡುಗ, ಈಗ ಬ್ರೌಸರ್ ಪಕ್ಕದಲ್ಲೇ ಸಿ ಪ್ರೋಗ್ರಾಂ ಕಂಪೈಲ್ ಮಾಡುತ್ತಾನೆ.

ಈಗ ಬರುತ್ತಾರೆ ನೋಡಿ, "ಖಾಲಿ ರ‍್ಯಾಮ್ ಅಂದರೆ ವೇಸ್ಟ್ ಅಲ್ವಾ?" ಅಂತ. ಈ ವಾಕ್ಯವನ್ನು ಯಾರು ಕಲಿಸಿದರೋ! ಲಿನಕ್ಸ್ ಖಾಲಿ ರ‍್ಯಾಮನ್ನು ಸುಮ್ನೆ ಬಿಡುವುದೇ ಇಲ್ಲ. ಡಿಸ್ಕಿನಿಂದ ಓದಿದ್ದನ್ನು ಅಲ್ಲಿ ಇಟ್ಟುಕೊಳ್ಳುತ್ತದೆ, ಎರಡನೇ ಸಲ ಬೇಗ ಸಿಗಲಿ ಅಂತ, ಪ್ರೋಗ್ರಾಂ ಜಾಗ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಅಂದರೆ ಡೆಸ್ಕ್‌ಟಾಪ್ ಬಿಟ್ಟ ಜಾಗ ನಿಮ್ಮ ಕೆಲಸಕ್ಕೇ ಸಿಗುತ್ತದೆ. ಜೆಲ್ಲಿ ಕಿಟಕಿ ತಿಂದ ಜಾಗ ಸಿಗುತ್ತದಾ?

"ಕೆಡಿಇಯ ಪ್ಲಾಸ್ಮಾ ಡೆಸ್ಕ್‌ಟಾಪ್ ಈಗ ಹಗುರ ಆಗಿದೆ" ಅನ್ನುತ್ತಾರೆ. ಆಗಿದೆ, ಒಳ್ಳೆಯದೇ. ಆದರೂ ನಾನು ಕೇಳದ್ದು ಅಲ್ಲಿ ಎಷ್ಟು ಉಂಟು, ಎಣಿಸಿ. "ಅದೆಲ್ಲ ಆಫ್ ಮಾಡಬಹುದು" ಅನ್ನುತ್ತಾರೆ. ನಾನು ಯಾಕೆ ಆಫ್ ಮಾಡುತ್ತಾ ಕೂರಬೇಕು? ಬೇಕಾದವರು ಆನ್ ಮಾಡಿಕೊಳ್ಳಲಿ! ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್, ಅಕ್ಷರ ಚಿತ್ರ ಎಲ್ಲ ಒಂದೂವರೆ ಪಟ್ಟು ಹೀಗೆ ದೊಡ್ಡದು ಮಾಡುವ ಫ್ರಾಕ್ಷನಲ್ ಸ್ಕೇಲಿಂಗ್ ಅಂತ ಶುರು ಮಾಡುವವರಿಗೆ, ನಿಮ್ಮ ಹತ್ತಿರ 4ಕೆ ಮಾನಿಟರ್ ಉಂಟು, ಸಂತೋಷ, ಈ ವಿಡಿಯೋ ನಿಮಗಲ್ಲ.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ತಾಳಮದ್ದಲೆಗೆ ಹೋಗಿದ್ದೀರಲ್ವಾ. ಕಿರೀಟ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಕೂತ ಅರ್ಥಧಾರಿಗಳು, ನಡುವೆ ಭಾಗವತರು. ಬರೇ ಮಾತಿನಲ್ಲಿ ಕೃಷ್ಣಸಂಧಾನ ಕಣ್ಣ ಮುಂದೆ ಬರುತ್ತದೆ, ಒಬ್ಬನೂ ಎದ್ದು ಹೋಗುವುದಿಲ್ಲ. "ಹಾಗಾದರೆ ಯಕ್ಷಗಾನ ಆಟ ಬೇಡವಾ?" ಅಂತ ಕೇಳಬೇಡಿ. ಆಟ ನನಗೆ ಪ್ರಾಣ. ಆದರೆ ಆಟಕ್ಕೆ ನಾನೇ ಹೋಗುತ್ತೇನೆ. ಮೇಳದವರು ಕೇಳದೆ ಬಂದು ನಮ್ಮ ಅಡುಗೆ ಮನೆಯಲ್ಲಿ ಬಣ್ಣ ಹಚ್ಚುವ ಚೌಕಿ ಹಾಕುವುದಿಲ್ಲ!

ಇದು ಬಡತನ ಅಲ್ಲ. 32 ಜಿಬಿ ಇದ್ದರೂ ನಾನು ಇದನ್ನೇ ಹಾಕುತ್ತೇನೆ, 64 ಇದ್ದರೂ ಇದನ್ನೇ. ದುಡ್ಡು ಕೊಟ್ಟದ್ದು ನಾನು, ಕೆಲಸ ನನ್ನದು, ನಾನು ಕೇಳದ್ದು ಓಡಬಾರದು, ಓಡಲೇಬಾರದು!

ಇನ್ನೂ ನಾಲ್ಕು ಕಾರಣ ಬರೆದಿಟ್ಟಿದ್ದೆ, ಬ್ಯಾಟರಿ, ಫ್ಯಾನ್, ಅದು ಇದು. ಬಿಡಿ, ಕರೆಂಟ್ ಬೇರೆ ಹೋಯ್ತು ಈಗ. ನೀವು ಒಂದು ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿ, ಏನೂ ತೆರೆಯದೆ ಎಚ್‌ಟಾಪ್ ನೋಡಿ, ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. ಸಬ್‌ಸ್ಕ್ರೈಬ್ ಆಗದವರು ಆಗಿ. ಮುಂದಿನ ವಾರ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್ ಹಾಕಿ ಎಕ್ಸ್‌ಎಫ್‌ಸಿಇಯಲ್ಲಿ ಕನ್ನಡ ಟೈಪ್ ಮಾಡುವುದು ಖಂಡಿತ ತೋರಿಸುತ್ತೇನೆ, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ಸಮೇತ.

ಅಳಿಯ ಈಗಷ್ಟೇ ಮೆಸೇಜ್ ಮಾಡಿದ್ದಾನೆ. ಭಾನುವಾರ ಅವನ ರೂಮಿನ ಹುಡುಗನೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾನಂತೆ. ಬರಲಿ, ಡೆಬಿಯನ್ ತುಂಬಿದ ಪೆನ್‌ಡ್ರೈವ್ ರೆಡಿ ಉಂಟು.