ಚೊಂಬು ಗಾಳಿಯಲ್ಲಿ ತೇಲಬಾರದು

ನಮಸ್ಕಾರ. ರೇಡಿಯೋದಲ್ಲಿ ಚಿತ್ರ ಬರೆಯುವುದು ಹೇಗೆ ಅಂತ ಹೇಳಲು ಹೊರಟಿದ್ದೇನೆ, ನಗಬೇಡಿ. ಅಡುಗೆಮನೆಯಿಂದ ಒಂದು ಚೊಂಬು ತಂದು ಕಿಟಕಿ ಪಕ್ಕದ ಮೇಜಿನ ಮೇಲಿಡಿ. ಸ್ಟೀಲಿನದು ಬೇಡ, ಅದರಲ್ಲಿ ಇಡೀ ಮನೆಯೇ ಕಾಣುತ್ತದೆ, ತಲೆ ಕೆಡುತ್ತದೆ. ಹುಣಸೆಹಣ್ಣು ಕಾಣದೆ ಎಷ್ಟೋ ದಿನವಾದ ತಾಮ್ರದ್ದೋ ಹಿತ್ತಾಳೆಯದೋ ಆದರೆ ಒಳ್ಳೆಯದು.

ಈಗ ಪೆನ್ಸಿಲ್. ನಮ್ಮ ಹಿರಿಯರು ಸೀಸದ ಕಡ್ಡಿ ಅನ್ನುತ್ತಿದ್ದರು, ಆದರೆ ಅದರಲ್ಲಿ ಚೂರೂ ಸೀಸ ಇಲ್ಲ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಗ್ರಾಫೈಟ್ ಸಿಕ್ಕಾಗ ಅದನ್ನು ಸೀಸದ್ದೇ ಒಂದು ಬಗೆ ಅಂದುಕೊಂಡರು. ಆ ತಪ್ಪು ಹೆಸರು ನಮ್ಮವರೆಗೂ ಬಂತು. ಮುಂದೆ ಫ್ರಾನ್ಸಿಗೆ ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಿತು. ಆಗ ಕೋಂಟೆ ಅನ್ನುವವರು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ ಸುಟ್ಟರು. 1795ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಇವತ್ತಿಗೂ ಲೆಕ್ಕ ಅದೇ: ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಗೆರೆ ತಿಳಿ, ಅದು ಎಚ್. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಕಪ್ಪು, ಅದು ಬಿ. ಅಂಗಡಿಯವರು ಹನ್ನೆರಡರ ಡಬ್ಬಿ ತೋರಿಸುತ್ತಾರೆ, ಬೇಡ ಅನ್ನಿ. ನಡುವಿನ ಎಚ್‌ಬಿ, ಕಪ್ಪಾದ 2ಬಿ, ಇನ್ನೂ ಕಪ್ಪಾದ 6ಬಿ, ಮೂರೇ ಸಾಕು.

ಮೆಂಡರ್ ಪಕ್ಕಕ್ಕಿಡಿ. ಬ್ಲೇಡಿನಿಂದ ಹುಷಾರಾಗಿ ಮರ ಕೆತ್ತಿ, ಕಡ್ಡಿ ಅರ್ಧ ಇಂಚು ಹೊರಗೆ ಬರಲಿ. ಆಮೇಲೆ ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿದರೆ ಅಗಲವಾದ ಛಾಯೆ ಬರುತ್ತದೆ. ಹಿಡಿತ ಅಕ್ಷರ ಬರೆಯುವಾಗಿನದಲ್ಲ, ಅಂಗೈ ಕೆಳಗೆ ಸಡಿಲವಾಗಿ ಇರಲಿ. ತೋಳು ಪೂರ್ತಿ ಆಡಬೇಕು, ಬರೀ ಬೆರಳಲ್ಲ.

ಚೊಂಬಿನ ಎತ್ತರ, ಅಗಲ ಅಳೆಯಲು ಕೈ ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಚೊಂಬಿನ ಬಾಯಿಗೆ ಸರಿಯಾಗಿ ಹಿಡಿದು, ತಳ ಕಾಣುವಲ್ಲಿಗೆ ಹೆಬ್ಬೆರಳು ಜರುಗಿಸಿ, ಆ ಅಳತೆಯನ್ನು ಅಗಲಕ್ಕೆ ಹೋಲಿಸಿ ನೋಡಿ. ಚೊಂಬಿನ ಬಾಯಿ ಮೊಟ್ಟೆಯಾಕಾರ ಅಂತ ಎಲ್ಲರಿಗೂ ಕಾಣುತ್ತದೆ, ಅದನ್ನು ಸರಿಯಾಗೇ ಬರೆಯುತ್ತಾರೆ. ತಳಕ್ಕೆ ಬಂದಾಗ ಮಾತ್ರ ಸ್ಕೇಲಿಟ್ಟ ಹಾಗೆ ನೇರ ಗೆರೆ! ಯಾಕೆಂದರೆ ಚೊಂಬು ಚಪ್ಪಟೆ ಮೇಜಿನ ಮೇಲೆ ಕೂತಿದೆ ಅಂತ ನಮಗೆ ಗೊತ್ತು, ಗೊತ್ತಿರುವುದನ್ನೇ ಕೈ ಬರೆದುಬಿಡುತ್ತದೆ, ಕಣ್ಣನ್ನು ಕೇಳುವುದೇ ಇಲ್ಲ. ನಿಜಕ್ಕೂ ತಳ ನಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ, ಹಾಗಾಗಿ ಅದರ ಬಾಗು ಬಾಯಿಗಿಂತ ಜಾಸ್ತಿ.

ಆಮೇಲೆ ಶೇಡಿಂಗ್. ನನಗೆ ತುಂಬಾ ಕಾಲ 6ಬಿ ಅಂದರೆ ಭಯ, ಹಾಳೆ ಹಾಳಾದರೆ ಅಂತ. ನಾನು ಬರೆದದ್ದೆಲ್ಲ ನೀರುಮಜ್ಜಿಗೆಯ ಹಾಗೆ ತೆಳ್ಳಗೆ, ಬೂದಿಬೂದಿ. ಅದನ್ನು ಮುಚ್ಚಲು ಬೆರಳಿನಿಂದ ತಿಕ್ಕುತ್ತಿದ್ದೆ, ಅದು ಇನ್ನೂ ತಪ್ಪು, ಬೆರಳಿನ ಜಿಡ್ಡು ಕಾಗದಕ್ಕೆ ಹತ್ತಿ ಕಲೆ ಉಳಿಯುತ್ತದೆ. ಕಣ್ಣು ಅರ್ಧ ಮುಚ್ಚಿ ಚೊಂಬು ನೋಡಿ. ಸಣ್ಣಪುಟ್ಟದ್ದೆಲ್ಲ ಮಾಯವಾಗಿ ಬೆಳಕು, ನಡು, ಕತ್ತಲೆ ಇಷ್ಟೇ ಉಳಿಯುತ್ತದೆ. ಮೊದಲು 2ಬಿಯಲ್ಲಿ ಒಂದೇ ಕಡೆಗೆ ಓರೆ ಗೆರೆಗಳನ್ನು ಹತ್ತಿರ ಹತ್ತಿರ ಎಳೆಯಿರಿ, ಕಪ್ಪು ಸಾಲದಿದ್ದರೆ ಅದರ ಮೇಲೆ ಅಡ್ಡ ಇನ್ನೊಂದು ಸಾಲು. ಕತ್ತಲೆ ಬದಿಯ ಕೊನೆ ಅಂಚಿನಲ್ಲಿ ಮೇಜಿನಿಂದ ಪುಟಿದ ಸಣ್ಣ ಬೆಳಕು ಇರುತ್ತದೆ, ಅದನ್ನು ಮುಚ್ಚಬೇಡಿ, ಚೊಂಬಿನ ಗುಂಡುತನ ಇರುವುದೇ ಅಲ್ಲಿ.

ಎಲ್ಲಕ್ಕಿಂತ ಕಪ್ಪು ಜಾಗ ಯಾವುದು ಗೊತ್ತಾ? ಮೈಮೇಲಿನ ನೆರಳಲ್ಲ. ಚೊಂಬಿನ ತಳ ಮೇಜಿಗೆ ತಾಗುವ ಕಡೆ, ಬೆಳಕು ನುಸುಳಲಾಗದ ಒಂದು ಸಣ್ಣ ಸಂದು. ನಾನು ಅಲ್ಲೂ ಮಜ್ಜಿಗೆಯೇ ಸುರಿಯುತ್ತಿದ್ದೆ, ಚೊಂಬು ಗಾಳಿಯಲ್ಲಿ ತೇಲುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಅಲ್ಲಿ 6ಬಿ ಒತ್ತಿ ಒಂದೇ ಒಂದು ಗೆರೆ ಎಳೆದೆ. ಚೊಂಬು ಕೂತಿತು.