ಬ್ರಾಡ್‌ವೇ ಕೆಳಗೆ ಸಿಕ್ಕ ಉಡಿದಾರ

[ಪರದೆ: ಮ್ಯಾನ್‌ಹಟನ್‌ನ ಎತ್ತರದ ಕಟ್ಟಡಗಳು]

ನಮಸ್ಕಾರ! ಒಬ್ಬರು ನೋಡುಗರು ಕೇಳಿದ್ರು: "ಗುಲಾಮಗಿರಿ ಅಂದ್ರೆ ಅಮೆರಿಕದ ದಕ್ಷಿಣದ ಹತ್ತಿ ಹೊಲ ತಾನೇ? ನ್ಯೂಯಾರ್ಕಿಗೇನು ಸಂಬಂಧ?"

ಇದೆ ಸ್ವಾಮಿ. ವಾಲ್ ಸ್ಟ್ರೀಟ್‌ನಲ್ಲಿ ಷೇರಿಗಿಂತ ಮೊದಲು ಮನುಷ್ಯರು ಮಾರಾಟಕ್ಕಿದ್ರು. 1711ರಲ್ಲೇ ಅಲ್ಲಿ ಗುಲಾಮರ ಸಂತೆ ಶುರು. ನ್ಯೂಯಾರ್ಕಲ್ಲಿ ಗುಲಾಮಗಿರಿ ಕಾನೂನಿನಿಂದ ಮುಗಿದಿದ್ದು 1827ಕ್ಕೆ. ಪೀಠಿಕೆ ಸಾಕು.

1991. ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯ 290ನೇ ನಂಬರ್‌ನಲ್ಲಿ 34 ಮಹಡಿಯ ಸರ್ಕಾರಿ ಕಟ್ಟಡಕ್ಕೆ ಪಾಯ ತೋಡ್ತಿದ್ರು. ಅಲ್ಲಿ ಆಫ್ರಿಕನ್ನರ ಸ್ಮಶಾನ ಇತ್ತು ಅಂತ 1755ರ ನಕ್ಷೆಯಲ್ಲೇ ಗುರುತಿತ್ತು. "ಇಷ್ಟೊಂದು ಕಟ್ಟಡಗಳಿಗೆ ನೆಲಮಾಳಿಗೆ ತೋಡಿದಾರೆ, ಇನ್ನೇನು ಉಳಿದಿರುತ್ತೆ" ಅಂದ್ಕೊಂಡ್ರು. ಆದ್ರೆ ಅದು ಹಿಂದೆ ತಗ್ಗು ಜಾಗ. ಮಟ್ಟ ಮಾಡೋಕೆ ಸುರಿದ ಮಣ್ಣೇ ಸಮಾಧಿಗಳನ್ನ ಕಾಪಾಡಿತ್ತು! ಸಿಕ್ಕವರು 419 ಜನ. ಅರ್ಧದ ಹತ್ತಿರ ಮಕ್ಕಳು.

[ಪರದೆ: ಮಣಿಗಳ ಚಿತ್ರ]

ಈಗ 340ನೇ ಸಮಾಧಿ. ನಿಜ ಹೇಳ್ಬೇಕಂದ್ರೆ ಇದಕ್ಕೋಸ್ಕರಾನೇ ಈ ವಿಡಿಯೋ. ಒಬ್ಬ ಹೆಂಗಸು. ಹಲ್ಲುಗಳನ್ನ ಉಜ್ಜಿ ಆಕಾರ ಕೊಟ್ಟಿದಾರೆ, ಅಂದ್ರೆ ಬಹುಶಃ ಆಫ್ರಿಕಾದಲ್ಲೇ ಹುಟ್ಟಿದವಳು. ಸೊಂಟದ ಸುತ್ತ ಗಾಜಿನ ಮಣಿ, ಕವಡೆ. ಅರೇ, ಇದು ಉಡಿದಾರ ಅಲ್ವಾ! ನಮ್ಮಲ್ಲಿ ಕೂಸಿಗೆ ಅಂಗಿ ಹಾಕೋದಕ್ಕೆ ಮುಂಚೆ ಉಡಿದಾರ ಕಟ್ತಾರೆ. ಅವಳದು ಬಟ್ಟೆಯೊಳಗೆ ಇರೋ ವಸ್ತು, ಯಜಮಾನನ ಕಣ್ಣಿಗೆ ಸುಲಭಕ್ಕೆ ಬೀಳಲ್ಲ. "ಹೋಗೋವಾಗ ಉಡಿದಾರಾನೂ ಜೊತೆಗೆ ಬರಲ್ಲ" ಅಂತೀವಲ್ಲ? ಇವಳ ಜೊತೆ ಬಂದಿತ್ತು. ಮಣ್ಣು ಮಾಡಿದವರ ಹತ್ರ ದುಡ್ಡೇನಿರುತ್ತೆ ಹೇಳಿ? ಆದ್ರೂ ಒಂದು ಮಣಿ ಬಿಚ್ಚಿಟ್ಕೊಳ್ಳಲಿಲ್ಲ.

ಟೈಮ್ ಓಡ್ತಿದೆ, ಉಳಿದದ್ದು ಒಂದೇ ಉಸಿರಿಗೆ. ಮೂಳೆಗಳನ್ನ ಎತ್ತುತ್ತಿದ್ದ ರೀತಿ ನೋಡಿ ಕಪ್ಪು ಸಮುದಾಯ ಬೀದಿಗಿಳೀತು, ನಗರದ ಮೊದಲ ಕಪ್ಪು ಮೇಯರ್ ಡೇವಿಡ್ ಡಿಂಕಿನ್ಸ್ ಕೂಡ ದನಿಗೂಡಿಸಿದ್ರು, 1992ರಲ್ಲಿ ಅಗೆತ ನಿಂತಿತು. ಅಧ್ಯಯನ ವಾಷಿಂಗ್ಟನ್‌ನ ಹೊವರ್ಡ್ ವಿಶ್ವವಿದ್ಯಾಲಯಕ್ಕೆ ಹೋಯ್ತು. 2006ರಲ್ಲಿ ಜಾಗ ರಾಷ್ಟ್ರೀಯ ಸ್ಮಾರಕ ಆಯ್ತು. ಕಟ್ಟಡ? ಅದೂ ಎದ್ದಿದೆ, ಪಕ್ಕದಲ್ಲೇ. ಸರ್ಕಾರ ಅಲ್ವಾ!

ಒಂದೇ ಒಂದು ಬಾಕಿ. 18ನೇ ಶತಮಾನದಲ್ಲಿ ಈ ಊರಲ್ಲಿ ಗುಲಾಮರ ಶವಸಂಸ್ಕಾರಕ್ಕೆ 12 ಜನಕ್ಕಿಂತ ಹೆಚ್ಚು ಸೇರೋ ಹಾಗಿರಲಿಲ್ಲ. ಹೊರುವವರು, ಗುಂಡಿ ತೋಡುವವರು ಬೇರೆ. 2003ರ ಅಕ್ಟೋಬರ್‌ನಲ್ಲಿ ಘಾನಾದಲ್ಲಿ ಕೆತ್ತಿಸಿದ ಪೆಟ್ಟಿಗೆಗಳಲ್ಲಿ ಆ 419 ಜನ ವಾಷಿಂಗ್ಟನ್‌ನಿಂದ ಊರೂರು ದಾಟಿ ವಾಪಸ್ ಬಂದ್ರು. ಸಾವಿರಾರು ಜನ ಸೇರಿದ್ರು, ಯಾರೂ ತಲೆ ಎಣಿಸೋಕೆ ಬರಲಿಲ್ಲ.

ಆ ಮಣಿಗಳನ್ನ ಗಾಜಿನ ಪೆಟ್ಟಿಗೇಲಿ ಇಡಲಿಲ್ಲ. ಅವಳ ಜೊತೆಗೇ ಮತ್ತೆ ಮಣ್ಣಿಗೆ ಹೋದವು.