ಬೆಳ್ಳುಳ್ಳಿಗೆ ಗೊಬ್ಬರ: ಎಲೆಗೆ ಯಾವುದು, ಬೇರಿಗೆ ಯಾವುದು

ಹಿರಿಯರೆ, ಅಕ್ಕ-ತಂಗಿಯರೆ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಬಂದ ರೈತ ಬಾಂಧವರೆ,

ಬೆಳ್ಳುಳ್ಳಿ ಎಲೆ ಹಳದಿ ತಿರುಗಿತು ಅಂದರೆ ನಮ್ಮಲ್ಲಿ ಪಂಪು ಹೆಗಲಿಗೇರುತ್ತದೆ. ಅಂಗಡಿಯಿಂದ ತಂದ ಪುಡಿ, ಮನೆಯಲ್ಲಿದ್ದ ಯೂರಿಯಾ, ನುಸಿ ಹುಳಕ್ಕೆ ಹೊಡೆಯುವ ಔಷಧಿ, ಎಲ್ಲ ಒಂದೇ ಪಂಪಿಗೆ. ಹೊಡೆಯುವ ಮೊದಲು ಒಂದು ಲೆಕ್ಕ ಹಾಕೋಣ.

ಲೀಟರ್ ನೀರಿಗೆ 20 ಗ್ರಾಂ ಯೂರಿಯಾ, ಅಂದರೆ ಶೇ. 2ರ ದ್ರಾವಣ. ಎಕರೆಗೆ 200 ಲೀಟರ್ ಹೊಡೆದರೆ 4 ಕಿಲೋ ಯೂರಿಯಾ ಹೋಯಿತು. ಅದರಲ್ಲಿ ಸಾರಜನಕ ಶೇ. 46. ಒಂದು ಹನಿಯೂ ನೆಲಕ್ಕೆ ಬೀಳದೆ ಹೋದರೂ ಬೆಳೆಗೆ ಸಿಗುವುದು 1.84 ಕಿಲೋ. ಬೆಳ್ಳುಳ್ಳಿಗೆ ಎಕರೆಗೆ ಬೇಕಾದದ್ದು ಸುಮಾರು 40ರಿಂದ 50 ಕಿಲೋ. ಬರೀ ಎಲೆ ಮೇಲೆ ಕೊಡುತ್ತೇನೆ ಅಂದರೆ ಇಪ್ಪತ್ತಕ್ಕೂ ಜಾಸ್ತಿ ಸಲ ಹೊಡೆಯಬೇಕು. ಆಗದ ಮಾತು, ಅಲ್ವಾ? ಹಾಗಾಗಿ ಸಾರಜನಕ ಮಣ್ಣಿನ ಮೂಲಕವೇ ಹೋಗಬೇಕು. ತಿಪ್ಪೆಗೊಬ್ಬರ ಬಿಟ್ಟು ಎಲೆಗೊಬ್ಬರ ನಂಬಿ ಕೂರಬೇಡಿ.

ಸತು ಮತ್ತು ಕಬ್ಬಿಣದ ಲೆಕ್ಕ ಬೇರೆ. ಇವು ಬೇಕಾಗುವುದು ಚೂರೇ ಚೂರು, ಎಲೆಯ ಮೇಲೆ ಕೊಟ್ಟರೂ ಸಾಕಾಗುತ್ತದೆ. ನಮ್ಮ ಎರೆ ಭೂಮಿ ಅಗೆದರೆ ಬಿಳಿ ಸುಣ್ಣದ ಹರಳು ಕಾಣುತ್ತವೆ. ರಸಸಾರ (pH), ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಬಹಳ ಕಡೆ 8ಕ್ಕಿಂತ ಮೇಲೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕರಗಿ ಬೇರಿಗೆ ಬರುವುದಿಲ್ಲ. ಇಲ್ಲಿ ಎಲೆಗೆ ಹೊಡೆದದ್ದು ನಿಜವಾಗಿ ಕೆಲಸ ಮಾಡುತ್ತದೆ.

ಹಳದಿ ಎಲ್ಲಿಂದ ಶುರುವಾಯಿತು ಅಂತ ಮೊದಲು ನೋಡಿ. ಕೆಳಗಿನ ಹಳೇ ಎಲೆ ತುದಿಯಿಂದ ಹಳದಿಯಾಗಿ ಒಣಗುತ್ತಿದ್ದರೆ ಸಾರಜನಕದ ಕೊರತೆ ಇರಬಹುದು. ಗಿಡ ಅದನ್ನು ಹಳೇ ಎಲೆಯಿಂದ ಎಳೆದು ಹೊಸ ಎಲೆಗೆ ಕಳಿಸುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ. ಅದಕ್ಕೇ ಅದರ ಕೊರತೆ ಸುಳಿಯ ಎಳೇ ಎಲೆಯಲ್ಲಿ ಮೊದಲು ಕಾಣುತ್ತದೆ: ನರ ಹಸಿರು, ನಡುವೆ ಹಳದಿ ಗೆರೆ. ನುಸಿ ಬಿದ್ದರೂ ಎಲೆ ಬೆಳ್ಳಗಾಗುತ್ತದೆ, ಅದನ್ನೂ ಸುಳಿ ಬಿಡಿಸಿ ನೋಡಬೇಕು.

ಕಬ್ಬಿಣಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಲೀಟರಿಗೆ 5 ಗ್ರಾಂ. ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಅದೇ ನಿಂಬೆ ಉಪ್ಪು. ಮೊದಲು ನೀರಿಗೆ ನಿಂಬೆ ಉಪ್ಪು, ಆಮೇಲೆ ಅನ್ನಭೇದಿ. ನಮ್ಮ ಬೋರ್‌ವೆಲ್ ನೀರು ಗಡಸು. ಹುಳಿ ಇಲ್ಲದಿದ್ದರೆ ದ್ರಾವಣ ಸ್ವಲ್ಪ ಹೊತ್ತಿನಲ್ಲೇ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದನ್ನು ಹೊಡೆದರೆ ಶ್ರಮ ದಂಡ. ಸತುವಿಗೆ ಸತುವಿನ ಸಲ್ಫೇಟ್ 5 ಗ್ರಾಂ, ಎಲೆ ಸುಡದಂತೆ 2.5 ಗ್ರಾಂ ಸುಣ್ಣದ ತಿಳಿ. ಸುಣ್ಣ ಹಾಕಿದ ಸತುವಿನ ಜೊತೆ ಅನ್ನಭೇದಿ ಬೆರೆಸಬೇಡಿ. ರಂಜಕ ಇರುವ 19:19:19 ಗೊಬ್ಬರವನ್ನೂ ಸತುವಿನ ಜೊತೆ ಹಾಕಬೇಡಿ, ತಳಕ್ಕೆ ಕೂರುತ್ತದೆ. ಒಂದೊಂದನ್ನು ಬೇರೆ ಬೇರೆ ದಿನ ಹೊಡೆಯಿರಿ. ಬೋರಾನ್ ಕೊಡಬೇಕಾದರೆ ಮಣ್ಣು ಪರೀಕ್ಷೆ ಆದ ಮೇಲೆ. ಅದು ಸ್ವಲ್ಪ ಜಾಸ್ತಿಯಾದರೂ ವಿಷ.

ಈ ಎಲೆ ನೋಡಿ. ಕಿರಿದು, ನೆಟ್ಟಗೆ, ಮೇಲೆ ಮೇಣದ ಪದರ. ಬರೀ ನೀರು ಹಾಕುತ್ತೇನೆ. ಹನಿ ಮಣಿಯಾಗಿ ಉರುಳಿ ಬುಡಕ್ಕೆ ಹೋಯಿತು. ಈಗ ಅಂಟು, ಅಂದರೆ ಹನಿ ಎಲೆಗೆ ಹಿಡಿಯಲಿ ಅಂತ ಹಾಕುವ ದ್ರವ, ಬೆರೆಸಿದ ನೀರು. ಹನಿ ಹರಡಿತು, ಎಲೆ ಪೂರ್ತಿ ಒದ್ದೆಯಾಯಿತು. ಅಂಟು ಇಲ್ಲದೆ ಬೆಳ್ಳುಳ್ಳಿಗೆ ಏನು ಹೊಡೆದರೂ ಬಹುಪಾಲು ನೆಲದ ಪಾಲು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಇಲ್ಲವೇ ಸಂಜೆ ಹೊಡೆಯಿರಿ. ಮಧ್ಯಾಹ್ನದ ಬಿಸಿಲಿಗೆ ಹನಿ ಬೇಗ ಒಣಗಿ ಉಪ್ಪು ಗಟ್ಟಿಯಾಗಿ ಎಲೆ ತುದಿ ಸುಡುತ್ತದೆ.

ಹಾಗಾದರೆ ಯೂರಿಯಾ ಎಲೆಗೆ ಬೇಡವೇ ಬೇಡವಾ? ಒಂದು ಸಂದರ್ಭದಲ್ಲಿ ಬೇಕು. ಹಿಂಗಾರಿನಲ್ಲಿ ಸೈಕ್ಲೋನ್ ಮಳೆ ಹಿಡಿದು ಎರೆ ಹೊಲದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಮಣ್ಣಲ್ಲಿ ಗೊಬ್ಬರವಿದ್ದರೂ ಬೆಳೆ ಉಣ್ಣುವುದಿಲ್ಲ. ಆಗ ನೀರು ಬಸಿದು, ಲೀಟರಿಗೆ 10 ಗ್ರಾಂ ಯೂರಿಯಾ ಹೊಡೆದರೆ ಬೆಳೆ ಚೇತರಿಸಿಕೊಳ್ಳುತ್ತದೆ.

ಆದರೆ ಗಡ್ಡೆ ಕಟ್ಟಲು ಶುರುವಾದ ಮೇಲೆ, ಅಂದರೆ ನೆಟ್ಟು ಎರಡು ತಿಂಗಳು ದಾಟಿದ ಮೇಲೆ, ಎಲೆಗಾಗಲಿ ಬೇರಿಗಾಗಲಿ ಯೂರಿಯಾ ಬೇಡ. ಎಲೆ ಕಡುಹಸಿರಾಗಿ ನೋಡಲು ಚಂದ ಕಾಣುತ್ತದೆ, ನಿಜ. ಒಳಗೆ ಎಸಳು ಮತ್ತೆ ಚಿಗುರುತ್ತದೆ, ಕತ್ತು ದಪ್ಪ ಉಳಿಯುತ್ತದೆ. ಅಂಥ ಗಡ್ಡೆ ಒಣಗುವುದೂ ಇಲ್ಲ, ಇಟ್ಟರೆ ಉಳಿಯುವುದೂ ಇಲ್ಲ. ದರ ಏರಲಿ ಅಂತ ಕಾದು ಕುಳಿತ ರೈತನಿಗೆ ಇದರಷ್ಟು ನೋವಿನ ಮಾತು ಇನ್ನೊಂದಿಲ್ಲ.

ಮಣ್ಣು ಪರೀಕ್ಷೆಗೆ ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಇದೆ. ನಾಟಿಗೆ ಮೊದಲೇ ಹೋಗಿ ಬನ್ನಿ. ಈ ಸಲ ಹೊಡೆಯುವವರು ನಡುವೆ ನಾಲ್ಕು ಸಾಲು ಹೊಡೆಯದೆ ಬಿಡಿ, ಕೋಲು ನೆಟ್ಟು ಗುರುತು ಮಾಡಿ. ಕಿತ್ತ ಮೇಲೆ ಎರಡನ್ನೂ ಬೇರೆ ಬೇರೆ ತೂಕ ಮಾಡಿ. ನಿಮ್ಮ ಹೊಲಕ್ಕೆ ಇದು ಬೇಕೋ ಬೇಡವೋ ಅಂತ ನನ್ನನ್ನು ಕೇಳುವ ಅಗತ್ಯ ಆಮೇಲೆ ಇರುವುದಿಲ್ಲ.

ಹೊಲದಿಂದ ಎಲೆ ಕಿತ್ತು ತಂದವರು ಮುಂದೆ ಬನ್ನಿ, ಒಂದೊಂದಾಗಿ ನೋಡೋಣ.